ಸೀಮೆಸುಣ್ಣದ ಕೋಣೆ

"ಎಂಥಾ ನಕ್ಷೆ ರೀ ಇದು! ಗಂಡ ಕೆಳಗೆ, ಹೆಂಡತಿ ಮಹಡಿ ಮೇಲೆ! ಸೂರು ಕೊಡೋಕೆ ಬಂದಿದ್ದೀರೋ, ಸಂಸಾರ ಒಡೆಯೋಕೆ ಬಂದಿದ್ದೀರೋ?" ಟೈಲರಮ್ಮ ಮೇಜು ಗುದ್ದಿದಳು.

"ಕೂಗಾಡಬೇಡಿಮ್ಮ, ರೂಲ್ಸು ಇರೋದೇ ಹಾಗೆ," ಎಂದ ಇಂಜಿನಿಯರ್. "ಗಂಡಸರಿಗೊಂದು ಹಾಲ್, ಹೆಂಗಸರಿಗೊಂದು ಹಾಲ್. ಹನ್ನೆರಡು ಹನ್ನೆರಡು ಮಂಚ. ಸಹಿ ಹಾಕಿ, ಮುಗೀತು."

ಬೀದಿಯ ಕೊನೆಯಲ್ಲಿದ್ದ ಹಳೆಯ ಅಂಚೆ ಕಚೇರಿಯನ್ನು ಮನೆಯಿಲ್ಲದವರಿಗೆ ವಸತಿ ಮಾಡುವುದೆಂದು ತೀರ್ಮಾನವಾಗಿತ್ತು. ಬೀದಿಯವರನ್ನು ಕೇಳಿಯೇ ಯೋಜನೆ ಮಾಡಬೇಕೆಂದು ಮೇಲಿನಿಂದ ಆದೇಶವಿತ್ತು. ಇಂಜಿನಿಯರ್ ಕೇಳಲೆಂದೇ ಬಂದಿದ್ದ, ನಕ್ಷೆ ಮುಗಿಸಿಕೊಂಡು. ಬೀದಿ ಸಮಿತಿಗೆ ಟೈಲರಮ್ಮನೇ ಅಧ್ಯಕ್ಷೆ. ಅವಳ ಸಹಿಯಿಲ್ಲದೆ ಒಂದು ಇಟ್ಟಿಗೆಯೂ ಅಲುಗುವಂತಿರಲಿಲ್ಲ.

ಸಭೆ ನಡೆಯುತ್ತಿದ್ದ ಶಾಲೆಯ ಕೋಣೆಯ ಕೊನೆಯ ಬೆಂಚಿನಲ್ಲಿ ಸಾಣೆ ಹಿಡಿಯುವ ಮುದುಕನೂ ಅವನ ಹೆಂಡತಿಯೂ ಕೂತಿದ್ದರು. ಹನ್ನೊಂದು ವರ್ಷದಿಂದ ಟೈಲರಮ್ಮನ ಅಂಗಡಿಯ ಜಗಲಿಯೇ ಅವರ ಮನೆ. ಮುದುಕನಿಗೆ ಎರಡು ಕಣ್ಣೂ ಮಂಜು.

"ನೀನೇ ಹೇಳಜ್ಜಿ," ಎಂದಳು ಟೈಲರಮ್ಮ.

"ಇವನ ಗೊರಕೆಯಿಂದ ತಪ್ಪಿಸ್ಕೊಂಡ್ರೆ ಸಾಕು ಅಂತ ನಂಗೂ ಆಸೆ ತಾಯಿ. ಆದ್ರೆ ರಾತ್ರಿ ಇವನು ಎದ್ದಾಗ ಬಚ್ಚಲಿಗೆ ಕೈ ಹಿಡ್ಕೊಂಡು ಹೋಗೋಳು ನಾನು. ಮಹಡಿ ಮೇಲಿದ್ರೆ ಹೆಂಗೆ ಗೊತ್ತಾಗ್ಬೇಕು? ಅದಕ್ಕಿಂತ ಜಗಲಿನೇ ವಾಸಿ. ನಾವು ಬರಲ್ಲ."

"ಗೊರಕೆ ಯಾರದು ಅಂತ ಬೀದಿಯವರನ್ನ ಕೇಳು," ಎಂದ ಮುದುಕ.

"ಒಬ್ಬಿಬ್ಬರಿಗೋಸ್ಕರ ನಕ್ಷೆ ಬದಲಾಯಿಸೋಕಾಗಲ್ಲ," ಎಂದ ಇಂಜಿನಿಯರ್.

ಟೈಲರಮ್ಮನ ಪಿತ್ತ ನೆತ್ತಿಗೇರಿತು. "ಅಳತೆ ತಗೊಳ್ಳದೆ ನಾನು ಒಂದು ಜೇಬು ಕೂಡ ಹೊಲಿಯಲ್ಲ ರೀ. ನೀವು ಇಪ್ಪತ್ತನಾಲ್ಕು ಜನಕ್ಕೆ ಒಂದೇ ಅಂಗಿ ಹೊಲ್ಕೊಂಡು ಬಂದಿದ್ದೀರಿ!"

ಕೊರಳಲ್ಲಿದ್ದ ಟೇಪು ಎಳೆದಳು. ಕಪ್ಪುಹಲಗೆಯ ಕೆಳಗಿದ್ದ ಸೀಮೆಸುಣ್ಣ ತೆಗೆದುಕೊಂಡಳು. ಸಭೆಗೆ ಬಂದಿದ್ದ ಬೀದಿಯವರು ಬೆಂಚುಗಳನ್ನು ಗೋಡೆಗೆ ಸರಿಸಿದರು. "ಅಜ್ಜ, ಮಲ್ಕೋ. ಅಜ್ಜಿ, ನೀನು ಪಕ್ಕದಲ್ಲಿ." ಇಬ್ಬರ ಸುತ್ತ ನೆಲದ ಮೇಲೆ ಗೆರೆ ಎಳೆದಳು. ತಲೆಯ ಹತ್ತಿರ ಸಾಣೆ ಚಕ್ರಕ್ಕೆ ಜಾಗ ಬಿಟ್ಟಳು. ಬಾಗಿಲು ಒಳಕ್ಕೆ ತೆರೆದರೆ ಅಜ್ಜನ ಕಾಲಿಗೆ ಬಡಿಯುತ್ತದೆ, ಹೊರಕ್ಕೆ ತೆರೆಯಲಿ ಎಂದ ಅವರಲ್ಲೊಬ್ಬ ಬಡಗಿ. ಬಚ್ಚಲು ಎಡಗಡೆ ಏಳು ಹೆಜ್ಜೆಯೊಳಗಿರಬೇಕು, ಅಷ್ಟಾದರೆ ತಾನೊಬ್ಬನೇ ಹೋಗಿಬರುತ್ತೇನೆ ಎಂದ ಮುದುಕ. ಕೆಳಗಿನ ಹಾಲ್‌ನ ಒಂದು ಪಕ್ಕ ಇಂಥವೇ ನಾಲ್ಕು ಕೋಣೆ ಎಂದು ಟೈಲರಮ್ಮ ಅಳತೆ ಪುಸ್ತಕದಲ್ಲಿ ಬರೆದಳು. ಸಹಿ ಹಾಕಿದಳು. ಹಾಳೆ ಹರಿದು ಇಂಜಿನಿಯರನ ಮುಂದೆ ಹಿಡಿದಳು.

"ನನ್ನ ಸರ್ವೀಸಲ್ಲೇ ಇಂಥಾ ಸಭೆ ನೋಡಿಲ್ಲ. ನೀವೇ ಕಟ್ಕೊಳ್ಳಿ!"

"ಕಟ್ಟೋದು ನೀವೇ. ಅಳತೆ ಮಾತ್ರ ನಮ್ದು."

ಅವನು ಹಾಳೆ ಕಸಿದುಕೊಂಡು ನಕ್ಷೆಯ ಸುರುಳಿಯೊಳಗೆ ತುರುಕಿ, ದಡದಡನೆ ಬಾಗಿಲ ಕಡೆ ಹೊರಟ. ನೇರ ದಾರಿ ಗೆರೆಗಳ ಮೇಲೆಯೇ ಇತ್ತು. ಗೋಡೆಯ ಕಡೆ ಯಾರು ಮಲಗಬೇಕೆಂದು ಅಜ್ಜ ಅಜ್ಜಿ ಇನ್ನೂ ಅಲ್ಲೇ ಕಿತ್ತಾಡುತ್ತಿದ್ದರು. ಇಂಜಿನಿಯರ್ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದ. ಗೆರೆಯ ಮೇಲೆ ಬೂಟು ತಾಗದಂತೆ ಆ ಕೋಣೆಯನ್ನು ಪೂರ್ತಿ ಸುತ್ತಿಕೊಂಡು ಹೊರಗೆ ಹೋದ. ಅವತ್ತು ಮತ್ತೆ ಸಭೆಗೆ ಬರಲಿಲ್ಲ.