ಬಿಡಿಯ ಮನೆ

ಒಂದನೇ ತರಗತಿಯ ನೆಲದ ಮೇಲೆ ಟೀಚರ್ ಸೀಮೆಸುಣ್ಣದಿಂದ ಎರಡು ಮನೆ ಬರೆದಿದ್ದರು. ಬಲಗಡೆಯದು ಬಿಡಿಯ ಮನೆ, ಎಡಗಡೆಯದು ಹತ್ತರ ಮನೆ.

"ಬಿಡಿಯ ಮನ್ಯಾಗ ಒಂಬತ್ತು ಕಡ್ಡಿಗಷ್ಟ ಜಾಗ. ಹತ್ತನೇದು ಬಂತಂದ್ರ ಎಲ್ಲಾ ಸೇರಿಸಿ ಕಟ್ಟು ಕಟ್ಟಿ ಆಚಿ ಮನಿಗೆ ಕಳಸಬೇಕು."

ಮಕ್ಕಳು ಗದ್ದಲ ಮಾಡುತ್ತ ಕಟ್ಟು ಕಟ್ಟತೊಡಗಿದರು. ಹುಲಿಗೆಮ್ಮ ಮಾತ್ರ ಕೊನೆಯ ಕಡ್ಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದಳು. ಕಣ್ಣು ತುಂಬಿದ್ದವು.

"ಯಾಕವ್ವಾ, ಇಡಲ್ಲ?"

"ನಮ್ಮನ್ಯಾಗ ಒಂಬತ್ತು ಮಂದಿ ಅದೀವ್ರಿ ಅಕ್ಕಾರ. ಅವ್ವ ಹಡ್ಯಾಕ ದವಾಖಾನಿಗೆ ಹೋಗ್ಯಾಳ. ಕೂಸು ಬಂದ್ರ ನಮ್ಮನ್ನೂ ಬ್ಯಾರೆ ಮನಿಗೆ ಕಳಸ್ತಾರೇನ್ರಿ?"

ಟೀಚರಿಗೆ ನಗು ಬಂತು. ಅವಳನ್ನು ಹತ್ತಿರ ಎಳೆದುಕೊಂಡು ಸೆರಗಿನಿಂದ ಕಣ್ಣೊರೆಸಿದರು. "ಹುಚ್ಚಿ, ಅದು ಕಡ್ಡಿ ಲೆಕ್ಕ. ಮಂದಿಗೆ ಹಂಗ ಇರಂಗಿಲ್ಲ. ನಿಮ್ಮನ್ನ ಯಾರೂ ಎಲ್ಲಿಗೂ ಕಳಸಂಗಿಲ್ಲ."

ಮರುವಾರ ಹುಲಿಗೆಮ್ಮ ಗಂಟೆ ಹೊಡೆಯುವ ಮೊದಲೇ ಓಡಿಬಂದಳು. ಮುಖ ಅರಳಿತ್ತು.

"ಅಕ್ಕಾರ, ತಂಗಿ ಹುಟ್ಯಾಳ!"

"ಹೌದಾ? ಅವ್ವ ಹೆಂಗದಾಳ?"

"ಅವ್ವ ಗ್ವಾಡಿ ಕಡೆ ಮುಖ ಮಾಡಿ ಅಳಕೋತ ಮಲಗ್ಯಾಳ್ರಿ. ಊಟಾನೂ ಒಲ್ಲೆ ಅಂತಾಳ."

ಹೆಣ್ಣು ಹುಟ್ಟಿತೆಂದು ಅಳುತ್ತಿರಬೇಕು ಎಂದುಕೊಂಡರು ಟೀಚರ್. ಬೈಗುಳವೊಂದನ್ನು ನುಂಗಿಕೊಂಡು ಕೇಳಿದರು, "ಅಪ್ಪ ಏನಂದ?"

ಹುಲಿಗೆಮ್ಮ ಅವರ ಕೈ ಹಿಡಿದುಕೊಂಡು ಜಿಗಿಯುತ್ತಿದ್ದಳು.

"ನೀವಂದಿದ್ದು ಖರೇ ಆತ್ರಿ ಅಕ್ಕಾರ, ನಮ್ಮನ್ನ ಯಾರನ್ನೂ ಕಳಸಲಿಲ್ಲ. ಕಾರಿನ್ಯಾಗ ಬಂದೋರು ಕೂಸಿನ್ನಷ್ಟ ಒಯ್ದ್ರು."