ಇದ್ದೀರಾ?

ಗಂಡನ ತಿಥಿ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವನು ಆಫೀಸಿನಿಂದ ಎರವಲು ತಂದಿದ್ದ ಲ್ಯಾಪ್‌ಟಾಪ್ ಕೇಳಿಕೊಂಡು ಅಲ್ಲೇ ಕೆಲಸ ಮಾಡುವ ಅವನ ಗೆಳೆಯ ಬಂದ. ಅವಳು ಅದನ್ನು ಮಡಿಲಿನಿಂದ ಇಳಿಸಲಿಲ್ಲ.

"ಇವತ್ತೇ ಬೇಕಂತೆ, ಅತ್ತಿಗೆ."

"ನಿಮ್ಮ ಆಫೀಸಿನ ಒಂದೇ ಕಾಫಿಪುಡಿಗೆ ಇವರು ಎರಡೆರಡು ವೆಬ್‌ಸೈಟ್ ಯಾಕೆ ಮಾಡಿದ್ರು?"

"ಆ ಬಿಳೀ ಖಾಲಿ ಪುಟ ಯುರೋಪಿನವರಿಗೆ. ಅವ್ರು ಯಾರನ್ನೂ ಮಾತಾಡಿಸದೆ ಕೊಂಡ್ಕೋತಾರೆ. ಈ ಸಂತೆ ಥರದ ಕೆಂಪು ಪುಟ ಚೀನಾದವರಿಗೆ. ಅವ್ರು ಮೊದಲು 'ಇದ್ದೀರಾ?' ಅಂತ ಬರೆದು ಕೇಳ್ತಾರೆ. 'ಇದ್ದೀನಿ' ಅಂದ್ರೇನೇ ವ್ಯಾಪಾರ."

"ಉತ್ತರ ಇವರೇ ಕೊಡ್ತಿದ್ರಾ?"

"ಹೂಂ. ಹಗಲೂ ರಾತ್ರಿ."

ಅವಳು ಕೆಂಪು ಪುಟದಲ್ಲಿ 'ಇದ್ದೀರಾ?' ಎಂದು ಬರೆದು ಕಾದಳು.

ಬಾಗಿಲಲ್ಲಿ ನಿಂತವನ ಜೇಬಿನೊಳಗೆ ಮೊಬೈಲ್ ಟಿಣ್ ಎಂದಿತು.

ಅವಳು ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗಿಟ್ಟಳು.