ಮಡಚಿ ತಂದ ನದಿ

ಶನಿವಾರದ ಶಿಕ್ಷಕರ ಸಭೆಗೆ ನೀಲಗಂಗಾ ಟೀಚರು ಎರವಲು ಒಯ್ದಿದ್ದ ನದಿಯನ್ನು ಸೀರೆಯಂತೆ ಮಡಚಿ, ಕೈಚೀಲದಲ್ಲಿಟ್ಟುಕೊಂಡು ಅಳುಕುತ್ತಲೇ ಬಂದರು. ಪಾಠೋಪಕರಣವನ್ನು ಇದ್ದಂತೆಯೇ ಮರಳಿಸದವರಿಗೆ ವರ್ಷವಿಡೀ ಬೇರೇನೂ ಎರವಲು ಸಿಗುತ್ತಿರಲಿಲ್ಲ.

ನದಿ ಕೊಟ್ಟಿದ್ದ ಶಹನಾಜ್ ಟೀಚರು ಮೇಜಿನ ಮೇಲೆ ಮಡಿಕೆ ಬಿಚ್ಚಿದರು. ನೀರು ಜುಳುಜುಳು ಹರಿಯಿತು; ಅದರೊಳಗಿಂದ ಏನೋ ಛಂಗನೆ ಜಿಗಿಯಿತು.

"ನಾ ಕೊಟ್ಟಾಗ ಇದರಾಗ ಮೀನ ಇರಲಿಲ್ಲಲ್ರೀ!"

"ತಪ್ಪಾತ್ರೀ. ನದಿಗೆ ಒಂಟಿಯಾಗಿ ಬ್ಯಾಸರ ಆಗತೈತಿ ಅಂತ ನಮ್ಮ ಆರನೇ ಕ್ಲಾಸಿನ ಹುಡುಗ್ರು ಬಾವಿ ಮೀನ ತಂದು ಬಿಟ್ಟಾರ."

ಶಹನಾಜ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮರಿಗಳೂ ಇದ್ದವು.

"ಅಂದ್ರ ಭೂಗೋಳಕ್ಕಷ್ಟ ಅಲ್ಲ, ವಿಜ್ಞಾನಕ್ಕೂ ಆತಿದು!" ಎಂದು ಶಹನಾಜ್ ಗೊಳ್ಳನೆ ನಕ್ಕು, ಬೀರುವಿನಿಂದ ದೊಡ್ಡದೊಂದು ಗಂಟು ಎಳೆದರು. "ನನ್ನ ಸಮುದ್ರನೂ ಖಾಲೀನ ಐತಿ. ಒಯ್ರಿ, ಆ ಹುಡುಗ್ರ ಕೈಯಾಗ ಕೊಡ್ರಿ."